ಕಳಚಲೆಂದು ಮಾಡಿದ ಪ್ಲಗ್ ಕಚ್ಚಿ ಕುಳಿತಾಗ

ಬೆಂಗಳೂರಿನ ವಿಲ್ಸನ್ ಗಾರ್ಡನ್ ಕಡೆಯ ಒಂದು ಗ್ಯಾರೇಜು. ಕಾರಿನ ಬಾನೆಟ್ ಎತ್ತಿ ನಿಲ್ಲಿಸಿದ್ದಾರೆ. ನಾಲ್ಕು ಸಿಲಿಂಡರಿನ ಎಂಜಿನ್. ಮೂರು ಸ್ಪಾರ್ಕ್ ಪ್ಲಗ್ಗುಗಳು ಹೊರಗೆ ಬಂದು ಹಳೆಯ ಪೇಪರಿನ ಮೇಲೆ ಸಾಲಾಗಿ ಮಲಗಿವೆ. ನಾಲ್ಕನೆಯದು ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಕಾರು ತಂದಿದ್ದ ಬ್ಯಾಂಕ್ ನೌಕರರೊಬ್ಬರು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಕೆಲಸದ ಹುಡುಗ ಸ್ಪ್ಯಾನರಿನ ಹಿಡಿಗೆ ಉದ್ದದ ಕಬ್ಬಿಣದ ಪೈಪೊಂದನ್ನು ತೂರಿಸಿ ಜಗ್ಗಲು ಹೊರಟ.

"ಲೇ, ಬಿಡೋ! ಹೆಡ್ಡೇ ಹೋಗುತ್ತೆ" ಎಂದು ಒಳಗಿನಿಂದ ಗದರಿದ ದನಿ ಕೇಳಿತು. ಅರವತ್ತು ದಾಟಿದ ಮೆಕ್ಯಾನಿಕ್ ಹೊರಬಂದು, ಪ್ಲಗ್ಗಿನ ಬುಡದ ದೂಳನ್ನು ಗಾಳಿ ಹೊಡೆದು ತೆಗೆದು, ನಾಲ್ಕು ಹನಿ ಎಣ್ಣೆ ಬಿಟ್ಟರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಇವತ್ತು ಮುಟ್ಟೋದು ಬೇಡ ಸಾರ್. ಗಾಡಿ ಇಲ್ಲೇ ಇರಲಿ, ನಾಳೆ ಬೆಳಿಗ್ಗೆ ಬನ್ನಿ" ಎಂದರು.

"ಒಂದು ಪ್ಲಗ್ ಬಿಚ್ಚೋದಕ್ಕೆ ಒಂದು ದಿನಾನಾ?" ಎಂದು ಕಾರಿನವರು ಗೊಣಗಿದ್ದು ಸಹಜವೇ ಆಗಿತ್ತು.

ಹೆಬ್ಬೆರಳಿನಷ್ಟು ಗಾತ್ರದ ಆ ವಸ್ತುವನ್ನು ಕಂಡುಹಿಡಿದವರು ಅದು ಸುಲಭವಾಗಿ ಕಳಚಬೇಕು, ಮತ್ತೆ ಸುಲಭವಾಗಿ ಸೇರಬೇಕು ಎಂದೇ ಅದಕ್ಕೆ ತಿರುಪು ಕೊಟ್ಟಿದ್ದರು. ಹಾಗಿದ್ದ ಮೇಲೆ ಅದು ಕಚ್ಚಿಕೊಂಡು ಕೂರುವುದೇಕೆ? ಉತ್ತರ ಹುಡುಕುತ್ತ ಹೋದರೆ, ಅದು ಒಂದೂವರೆ ಶತಮಾನಕ್ಕೂ ಹಿಂದಿನ ಪ್ಯಾರಿಸ್ ನಗರಕ್ಕೆ ಕರೆದೊಯ್ಯುತ್ತದೆ; ದಾರಿಯಲ್ಲಿ ನಮ್ಮ ಬೆಂಗಳೂರನ್ನೂ ಹಾದುಬರುತ್ತದೆ.

ಕಿಡಿಯ ಹುಡುಕಾಟ

ಎಂಜಿನ್ ಎಂದರೆ ಒಂದರ್ಥದಲ್ಲಿ ಮುಚ್ಚಿದ ಒಲೆ. ಸಿಲಿಂಡರಿನೊಳಗೆ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಒತ್ತಿಟ್ಟು, ಸರಿಯಾದ ಕ್ಷಣದಲ್ಲಿ ಅದಕ್ಕೆ ಬೆಂಕಿ ತಗುಲಿಸಬೇಕು. ಆಗ ಉಂಟಾಗುವ ಒತ್ತಡ ಪಿಸ್ಟನ್ನನ್ನು ತಳ್ಳುತ್ತದೆ, ಚಕ್ರ ತಿರುಗುತ್ತದೆ. ಹೇಳಲು ಎಷ್ಟು ಸರಳ! ಆದರೆ ಸುತ್ತಲೂ ಮುಚ್ಚಿದ ಒಲೆಗೆ ಹೊರಗಿನಿಂದ ಕಡ್ಡಿ ಗೀರುವುದು ಹೇಗೆ? ಅದೂ ನಿಮಿಷಕ್ಕೆ ನೂರಾರು, ಸಾವಿರಾರು ಸಲ?

ಬೆಲ್ಜಿಯಂನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಎಟಿಯೆನ್ ಲೆನ್ವಾರ್ 1860ರಲ್ಲಿ ತನ್ನ ಗ್ಯಾಸ್ ಎಂಜಿನ್‌ಗೆ ಪೇಟೆಂಟ್ ಪಡೆದಾಗ ಈ ಪ್ರಶ್ನೆಗೆ ವಿದ್ಯುತ್ ಕಿಡಿಯ ಉತ್ತರ ಕೊಟ್ಟಿದ್ದ. ಬ್ಯಾಟರಿ ಮತ್ತು ಕಾಯಿಲ್‌ನಿಂದ ಬಂದ ವಿದ್ಯುತ್ತು, ಪಿಂಗಾಣಿಯ ಹೊದಿಕೆಯೊಳಗಿನ ತಂತಿಯ ಮೂಲಕ ಸಿಲಿಂಡರಿನೊಳಗೆ ಹೋಗಿ, ತುದಿಯಲ್ಲಿ ಚಿಟಕ್ಕನೆ ಕಿಡಿಯಾಗಿ ಹಾರುತ್ತಿತ್ತು. ಇಂದಿನ ಪ್ಲಗ್ಗಿನ ಮೂಲಪುರುಷ ಅದೇ.

ಆದರೂ ಮುಂದಿನ ನಲವತ್ತು ವರ್ಷ ಕಿಡಿಯನ್ನು ನಂಬುವವರಿಗಿಂತ ನಂಬದವರೇ ಹೆಚ್ಚಿದ್ದರು. ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1880ರ ದಶಕದಲ್ಲಿ ತನ್ನ ಎಂಜಿನ್‌ಗಳಿಗೆ ಬಳಸಿದ್ದು ಕಾದ ಕೊಳವೆಯನ್ನು. ಸಣ್ಣ ಕೊಳವೆಯೊಂದನ್ನು ಹೊರಗಿನಿಂದ ದೀಪವಿಟ್ಟು ಕೆಂಪಗೆ ಕಾಯಿಸಿ, ಅದರ ಬಿಸಿಯಿಂದಲೇ ಒಳಗಿನ ಮಿಶ್ರಣ ಹೊತ್ತಿಕೊಳ್ಳುವಂತೆ ಮಾಡುವ ವಿಧಾನ ಅದು. ಪೆಟ್ರೋಲ್ ತುಂಬಿದ ಗಾಡಿಯಲ್ಲಿ ಉರಿಯುವ ದೀಪ! ಗಾಡಿಗೇ ಬೆಂಕಿ ಹತ್ತುವ ಭಯ ಯಾವಾಗಲೂ ಇತ್ತು. ಕಾರ್ಲ್ ಬೆನ್ಜ್ ಮಾತ್ರ 1886ರ ಜನವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ತನ್ನ ಮೂರು ಚಕ್ರದ ಗಾಡಿಗೆ ವಿದ್ಯುತ್ ಕಿಡಿಯನ್ನೇ ಆರಿಸಿಕೊಂಡ. ಎಂಜಿನ್ ಕಟ್ಟುವವನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಬೆಂಕಿ ಹೊತ್ತಿಸುವುದೇ ಎಂಬ ಅಭಿಪ್ರಾಯ ಆತನದು. 1888ರಲ್ಲಿ ಆತನ ಪತ್ನಿ ಬರ್ತಾ ಬೆನ್ಜ್ ಗಂಡನಿಗೂ ಹೇಳದೆ ಇಬ್ಬರು ಮಕ್ಕಳೊಡನೆ ಆ ಗಾಡಿಯಲ್ಲಿ ದೂರಪ್ರಯಾಣ ಹೊರಟಾಗ, ಕಿಡಿಯ ತಂತಿಯ ಹೊದಿಕೆ ಸವೆದುಹೋಗಿ ತನ್ನ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಬೇಕಾಯಿತು ಎಂಬ ಕಥೆ ಪ್ರಸಿದ್ಧವಾಗಿದೆ.

ಈ ತೊಡಕನ್ನು ಬಗೆಹರಿಸಿದ್ದು ಸ್ಟಟ್‌ಗಾರ್ಟ್‌ನ ಒಂದು ಕಾರ್ಯಾಗಾರ. ರಾಬರ್ಟ್ ಬಾಷ್ 1886ರಲ್ಲಿ ಅಲ್ಲಿ ಸಣ್ಣ ವರ್ಕ್‌ಶಾಪ್ ತೆರೆದಿದ್ದ. ಆತ ತಯಾರಿಸುತ್ತಿದ್ದ ಮ್ಯಾಗ್ನೆಟೊ ಎಂಬ ವಿದ್ಯುತ್ ಉತ್ಪಾದಕಕ್ಕೆ ಸಿಲಿಂಡರಿನೊಳಗೆ ತೆರೆದು ಮುಚ್ಚುವ, ಚಲಿಸುವ ಭಾಗಗಳು ಬೇಕಾಗಿದ್ದವು. ಬೆಂಕಿಯ ನಡುವೆ ಚಲಿಸುವ ಭಾಗ ಎಷ್ಟು ದಿನ ಬಾಳೀತು? ಬಾಷ್‌ನ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಎರಡನ್ನೂ ರೂಪಿಸಿದ. 1902ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ಸಂದಿತು. ಪ್ಲಗ್ಗಿನಲ್ಲಿ ಚಲಿಸುವ ಭಾಗ ಒಂದೂ ಇರಲಿಲ್ಲ. ಮಧ್ಯೆ ಒಂದು ತಂತಿ, ಸುತ್ತ ಪಿಂಗಾಣಿ, ಅದರ ಸುತ್ತ ತಿರುಪು ಕೊರೆದ ಉಕ್ಕಿನ ಕವಚ. ಅಷ್ಟೆ.

ದಿನವೂ ಕಳಚುತ್ತಿದ್ದ ಕಾಲ

ಚಲಿಸುವ ಭಾಗ ಇಲ್ಲದಿದ್ದರೂ ಹಳೆಯ ಪ್ಲಗ್ಗಿಗೆ ಆಯುಸ್ಸು ಕಡಿಮೆ ಇತ್ತು. ಅಂದಿನ ಎಂಜಿನ್‌ಗಳು ಎಣ್ಣೆಯನ್ನೂ ಸುಡುತ್ತಿದ್ದವು. ಮಸಿ ಹಿಡಿದು ಕಿಡಿ ನಿಲ್ಲುತ್ತಿತ್ತು, ಪಿಂಗಾಣಿ ಬಿರುಕು ಬಿಡುತ್ತಿತ್ತು. ಆದ್ದರಿಂದ ವಾಹನ ಇಟ್ಟುಕೊಂಡವರು ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದನ್ನು ಕಲಿತೇ ಇರಬೇಕಿತ್ತು. ಹಲವು ಕಂಪನಿಗಳು ಪ್ಲಗ್ಗನ್ನೇ ಎರಡು ಭಾಗವಾಗಿ ಬಿಚ್ಚಿ ಒಳಗಿನ ಪಿಂಗಾಣಿಯನ್ನು ತೊಳೆಯುವಂತೆ ಮಾಡಿದ್ದವು.

ಪಿಂಗಾಣಿಯ ಬದಲು ಕಾಗೆಬಂಗಾರವನ್ನು, ಅಂದರೆ ಅಭ್ರಕವನ್ನು ಪದರಪದರವಾಗಿ ಸುತ್ತಿದ ಪ್ಲಗ್ಗುಗಳೂ ಬಂದವು. ಕಾರು ಪಂದ್ಯಗಾರ ಕೆನೆಲ್ಮ್ ಲೀ ಗಿನ್ನೆಸ್ ತನ್ನ ಹೆಸರಿನ ಮೊದಲಕ್ಷರಗಳಿಂದ 'ಕೆಎಲ್‌ಜಿ' ಎಂದು ಹೆಸರಿಟ್ಟು ಮಾರಿದ್ದು ಇಂಥವನ್ನೇ. ಆ ಕಾಲದಲ್ಲಿ ಜಗತ್ತಿಗೆ ಹಾಳೆಯಂತಹ ಒಳ್ಳೆಯ ಅಭ್ರಕವನ್ನು ಹೆಚ್ಚಾಗಿ ಒದಗಿಸುತ್ತಿದ್ದುದು ಭಾರತ. ಅಂದಿನ ಬಿಹಾರದ ಕೋಡರ್ಮಾ ಮತ್ತು ಆಂಧ್ರದ ನೆಲ್ಲೂರಿನ ಗಣಿಗಳು.

ಅಮೆರಿಕದಲ್ಲಿ ಪ್ಲಗ್ ವ್ಯಾಪಾರವನ್ನು ಬೆಳೆಸಿದವರಲ್ಲಿ ಒಬ್ಬ ಸೈಕಲ್ ವೀರನಿದ್ದ. 1899ರ ಪ್ಯಾರಿಸ್-ರೂಬೆ ಸೈಕಲ್ ಪಂದ್ಯ ಗೆದ್ದ ಫ್ರೆಂಚ್ ಯುವಕ ಆಲ್ಬರ್ಟ್ ಚಾಂಪಿಯನ್ ಅಮೆರಿಕಕ್ಕೆ ಹೋಗಿ ಪ್ಲಗ್ ಕಂಪನಿಗೆ ತನ್ನ ಹೆಸರು ಕೊಟ್ಟ. ಪಾಲುದಾರರೊಡನೆ ಮುರಿದುಕೊಂಡು ಮತ್ತೊಂದು ಕಂಪನಿ ಕಟ್ಟಿದ. ಹೆಸರು ಮೊದಲಿನವರ ಬಳಿಯೇ ಉಳಿದಿದ್ದರಿಂದ ಎರಡನೆಯದು ಕೊನೆಗೆ ಆತನ ಇನಿಷಿಯಲ್ಸ್ ಹೊತ್ತು 'ಎ.ಸಿ.' ಪ್ಲಗ್ ಆಯಿತು. ಹೀಗೆ ಒಬ್ಬನೇ ಮನುಷ್ಯನ ಹೆಸರಿನ ಎರಡು ಪ್ಲಗ್ಗುಗಳು ಪೇಟೆಯಲ್ಲಿ ಪರಸ್ಪರ ಪೈಪೋಟಿ ನಡೆಸಿದವು!

ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಅದರ ಪ್ಲಗ್ಗಿಗೆ ಇದ್ದುದು ನೀರಿನ ಪೈಪಿನ ಮಾದರಿಯ, ಕೆಳಗೆ ಹೋದಂತೆ ಕಿರಿದಾಗುವ ಅರ್ಧ ಇಂಚಿನ ತಿರುಪು. ತಿರುಗಿಸಿದಷ್ಟೂ ಬೆಣೆಯಂತೆ ಬಿಗಿಯಾಗುವುದು ಅದರ ಗುಣ. ಹಾಗಿದ್ದರೂ ಕಚ್ಚಿಕೊಂಡು ಕೂರಲು ಅದಕ್ಕೆ ಬಿಡುವೇ ಸಿಗುತ್ತಿರಲಿಲ್ಲ. ಯಜಮಾನ ಅದನ್ನು ಆಗಾಗ ಬಿಚ್ಚುತ್ತಲೇ ಇದ್ದ. ಇನ್ನೊಂದು ಅನುಕೂಲವೂ ಇತ್ತು. ಆ ಎಂಜಿನ್ನಿನ ತಲೆ, ಅಂದರೆ ಸಿಲಿಂಡರ್ ಹೆಡ್, ಬೀಡು ಕಬ್ಬಿಣದ್ದು. ಪ್ಲಗ್ಗಿನ ಕವಚ ಉಕ್ಕಿನದು. ಎರಡೂ ಒಂದೇ ಕುಲದವು.

ಎರಡು ಲೋಹಗಳ ಸಂಸಾರ

ತೊಂದರೆ ಶುರುವಾದದ್ದು ಅಲ್ಯೂಮಿನಿಯಂ ಬಂದ ಮೇಲೆ. ವಿಮಾನದ ಎಂಜಿನ್ ಹಗುರವಾಗಿರಬೇಕು, ಬಿಸಿಯನ್ನು ಬೇಗ ಹೊರಹಾಕಬೇಕು. ಎರಡಕ್ಕೂ ಅಲ್ಯೂಮಿನಿಯಂ ಹೆಡ್ ಹೇಳಿ ಮಾಡಿಸಿದಂತಿತ್ತು. ಆದರೆ ಈ ಮೆತ್ತನೆಯ ಲೋಹದ ತೂತಿಗೆ ಗಟ್ಟಿಯಾದ ಉಕ್ಕಿನ ಪ್ಲಗ್ಗನ್ನು ತಿರುಗಿಸಿ ಕೂರಿಸಿದಾಗ ಮೂರು ಬಗೆಯ ಜಗಳ ಆರಂಭವಾಗುತ್ತದೆ.

ಮೊದಲನೆಯದು ಬಿಸಿಯ ಜಗಳ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 14 ಮಿಲಿಮೀಟರ್ ಅಗಲದ ಪ್ಲಗ್ಗಿನ ತೂತು 100 ಡಿಗ್ರಿ ಬಿಸಿಯೇರಿದಾಗ, ಪ್ಲಗ್ಗಿಗಿಂತ ಒಂದು ಮಿಲಿಮೀಟರಿನ ನೂರನೆಯ ಒಂದೂವರೆ ಪಾಲಿನಷ್ಟು ಹೆಚ್ಚು ಹಿಗ್ಗುತ್ತದೆ. ಕೂದಲೆಳೆಗಿಂತ ತೆಳುವಾದ ಅಂತರ ನಿಜ. ಆದರೆ ಕಾರು ಓಡಿದಾಗ ಹಿಗ್ಗುವುದು, ನಿಂತಾಗ ಕುಗ್ಗುವುದು, ಇದು ವರ್ಷಗಟ್ಟಲೆ ನಡೆದರೆ ತಿರುಪಿನ ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು ಅಂಟುತ್ತವೆ.

ಎರಡನೆಯದು ನೀರಿನ ಜಗಳ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಆ ಬ್ಯಾಟರಿಯಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಹಾಗೆ ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ತಿರುಪಿನ ಸಂದಿಯಲ್ಲಿ ಬೆಣೆ ಹೊಡೆದಂತೆ ಕೂರುತ್ತದೆ. ಮಳೆನೀರು, ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್‌ಗೆ ಜೋರಾಗಿ ಬಿಡುವ ನೀರು ಪ್ಲಗ್ಗಿನ ಗುಂಡಿಯಲ್ಲಿ ನಿಂತರೆ ಆಗುವುದು ಇದೇ.

ಮೂರನೆಯದು ಮಸಿಯ ಜಗಳ. ಪ್ಲಗ್ಗಿನ ತುದಿ ಸಿಲಿಂಡರಿನೊಳಗೆ ಇಣುಕುವ ಜಾಗದಲ್ಲಿ ಕಾರ್ಬನ್ ಗಟ್ಟಿಯಾಗಿ ಕಟ್ಟುತ್ತದೆ. ಬೇಕಾದ್ದಕ್ಕಿಂತ ಉದ್ದದ ಪ್ಲಗ್ ಹಾಕಿದ್ದರೆ ಒಳಗೆ ಚಾಚಿದ ಎಳೆಗಳಿಗೇ ಕಾರ್ಬನ್ ಮೆತ್ತಿಕೊಂಡು, ಬಿಚ್ಚುವಾಗ ಹೆಡ್ಡಿನ ಎಳೆಗಳನ್ನು ಕಿತ್ತುಕೊಂಡು ಬರುತ್ತದೆ.

ವಿಮಾನದವರು ಇದಕ್ಕೆ ಪರಿಹಾರ ಕಂಡುಕೊಂಡರು. ಅಲ್ಯೂಮಿನಿಯಂನಲ್ಲಿ ನೇರವಾಗಿ ತಿರುಪು ಕೊರೆಯದೆ, ಮೊದಲು ಕಂಚಿನ ಬುಷ್ ಅಥವಾ ಸ್ಪ್ರಿಂಗಿನಂತಹ ಉಕ್ಕಿನ ಸುರುಳಿ ಕೂರಿಸಿ ಅದರೊಳಗೆ ಪ್ಲಗ್ ಹಾಕಿದರು. ಎಲ್ಲಕ್ಕಿಂತ ಮುಖ್ಯವಾಗಿ, ಗಂಟೆಗಳ ಲೆಕ್ಕವಿಟ್ಟು ಪ್ಲಗ್ಗುಗಳನ್ನು ತಪ್ಪದೆ ಬಿಚ್ಚಿ ನೋಡಿದರು.

ಈ ಶಿಸ್ತು ಬೆಂಗಳೂರಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನೊಡನೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ತನ್ನ ಉಸ್ತುವಾರಿಗೆ ತೆಗೆದುಕೊಂಡು ವಿಮಾನ ದುರಸ್ತಿಯ ನೆಲೆ ಮಾಡಿಕೊಂಡಿತು. ಅಲ್ಲಿಗೆ ಬರುತ್ತಿದ್ದ ಸಿ-47 ಸರಕು ವಿಮಾನದ ಒಂದೊಂದು ಎಂಜಿನ್‌ಗೆ 14 ಸಿಲಿಂಡರು, ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್. ಎರಡು ಎಂಜಿನ್ ಸೇರಿ 56 ಪ್ಲಗ್ಗುಗಳು. ಎಂಜಿನ್ ಬಿಚ್ಚಿ ಕಟ್ಟುವಾಗ ಪ್ರತಿಯೊಂದೂ ಹೊರಬಂದು ಒಳಹೋಗಬೇಕು. ಒಂದರ ತಿರುಪು ಹಾಳಾದರೂ ಆ ಸಿಲಿಂಡರು ಕೆಲಸಕ್ಕೆ ಬಾರದು.

ಆಡುಗೋಡಿಯ ಪ್ಲಗ್

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿಗೆ ಸ್ಪಾರ್ಕ್ ಪ್ಲಗ್ಗಿನ ನಂಟು ಇನ್ನಷ್ಟು ಗಟ್ಟಿಯಾಯಿತು. 1951ರಲ್ಲಿ ಬಾಷ್ ಸಹಯೋಗದಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮಗೆಲ್ಲ ಪರಿಚಯವಿರುವ 'ಮೈಕೋ', ಆಡುಗೋಡಿಯಲ್ಲಿ ಕಾರ್ಖಾನೆ ತೆರೆದು ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳ ತಯಾರಿಕೆಗೆ ಇಳಿಯಿತು. ಹೊನೋಲ್ಡ್ ಸ್ಟಟ್‌ಗಾರ್ಟ್‌ನಲ್ಲಿ ರೂಪಿಸಿದ ವಸ್ತು ಅರ್ಧ ಶತಮಾನದ ಬಳಿಕ ಆಡುಗೋಡಿಯಲ್ಲಿ ತಯಾರಾಗತೊಡಗಿತು. 'ಮೈಕೋ ಪ್ಲಗ್' ಎಂಬುದು ಸ್ಕೂಟರಿನವರಿಂದ ಹಿಡಿದು ಟ್ಯಾಕ್ಸಿಯವರವರೆಗೆ ಎಲ್ಲರ ಬಾಯಲ್ಲೂ ಇದ್ದ ಹೆಸರು. 2008ರಲ್ಲಿ ಕಂಪನಿ ತನ್ನ ಹೆಸರನ್ನು ಬಾಷ್ ಲಿಮಿಟೆಡ್ ಎಂದು ಬದಲಾಯಿಸಿಕೊಂಡಿತು. ಹಳೆಯ ಹೆಸರು ಇಂದಿಗೂ ಮೈಕೋ ಲೇಔಟ್ ಎಂಬ ಬಡಾವಣೆಯಲ್ಲಿ ಉಳಿದುಕೊಂಡಿದೆ.

ಆ ಕಾಲದ ನಮ್ಮ ರಸ್ತೆಗಳಲ್ಲಿ ಎರಡು ಕಾರುಗಳದ್ದೇ ದರ್ಬಾರು. ಅಂಬಾಸಿಡರಿನ ಎಂಜಿನ್ನಿನ ಹೆಡ್ ಬೀಡು ಕಬ್ಬಿಣದ್ದು. ಪ್ಲಗ್ಗುಗಳು ಎಂಜಿನ್ನಿನ ಪಕ್ಕದಲ್ಲಿ ಕೈಗೆ ಸಿಗುವಂತೆ ಸಾಲಾಗಿ ನಿಂತಿರುತ್ತಿದ್ದವು. ಅದೇ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಆರಂಭಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಫಿಯೆಟ್, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರಿನದು ಅಲ್ಯೂಮಿನಿಯಂ ಹೆಡ್. ಪದ್ಮಿನಿಯ ಪ್ಲಗ್ಗಿಗೆ ಕೈ ಹಾಕುವಾಗ ಅಂಬಾಸಿಡರಿನಷ್ಟು ಸಲೀಸು ಸಲ್ಲದು ಎಂಬುದಕ್ಕೆ ಕಾರಣ ಇಷ್ಟೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಸಹ ಅಲ್ಯೂಮಿನಿಯಂ ಹೆಡ್ಡಿನದು. ಅಲ್ಲಿಂದಾಚೆಗೆ ಕಾರೆಂದರೆ ಅಲ್ಯೂಮಿನಿಯಂ ಎಂಬಂತಾಯಿತು.

ಆದರೂ ಆ ದಿನಗಳಲ್ಲಿ ಪ್ಲಗ್ ಕಚ್ಚಿಕೊಳ್ಳುವುದು ಅಪರೂಪವಾಗಿತ್ತು. ಏಕೆಂದರೆ ಪ್ಲಗ್ ಆಗಾಗ ಕೆಡುತ್ತಿತ್ತು! ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಉರಿದ ಮೇಲೆ ಪ್ಲಗ್ಗಿನ ತುದಿಯಲ್ಲಿ ಕೂರುತ್ತಿತ್ತು. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಗ್ಯಾರೇಜಿಗೆ ಹೋಗಿ, ಮರಳು ಊದುವ ಯಂತ್ರಕ್ಕೆ ಪ್ಲಗ್ ಚುಚ್ಚಿ ತಿಕ್ಕಿಸಿ, ತುದಿಯ ಅಂತರ ಸರಿಮಾಡಿಸಿ ಮತ್ತೆ ಹಾಕಿಸುವುದು ವಾಡಿಕೆ. ಸ್ಕೂಟರಿನ ಡಿಕ್ಕಿಯಲ್ಲಿ ಪ್ಲಗ್ ಸ್ಪ್ಯಾನರ್ ಮತ್ತು ಎಮರಿ ಪೇಪರಿನ ಚೂರು ಇಲ್ಲದಿದ್ದರೆ ಪ್ರಯಾಣಕ್ಕೆ ಹೊರಡುವ ಧೈರ್ಯವೇ ಇರುತ್ತಿರಲಿಲ್ಲ. ಬೈದುಕೊಂಡು ಮಾಡುತ್ತಿದ್ದ ಆ ಕೆಲಸವೇ ತಿರುಪನ್ನು ಸಡಿಲವಾಗಿ ಇಟ್ಟಿತ್ತು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಆಯುಸ್ಸು ಹೆಚ್ಚಿತು, ಅಂಟೂ ಹೆಚ್ಚಿತು

ಮುಂದೆ ಪ್ಲಗ್ಗಿನ ದೆಸೆ ತಿರುಗಿತು. ಪಿಂಗಾಣಿಯ ಬದಲು ಅಲ್ಯೂಮಿನಾ ಎಂಬ ಗಟ್ಟಿ ಸೆರಾಮಿಕ್ ಮೊದಲೇ ಬಂದಿತ್ತು. ಸೀಸ ಬೆರೆತ ಪೆಟ್ರೋಲ್ ದೇಶದೇಶಗಳಲ್ಲಿ ನಿಂತಿತು. ಭಾರತದಲ್ಲಿ 1995ರಲ್ಲಿ ಮಹಾನಗರಗಳಿಂದ ಶುರುವಾಗಿ 2000ದ ಹೊತ್ತಿಗೆ ಪೂರ್ತಿಯಾಗಿ ನಿಂತಿತು. ಎಲೆಕ್ಟ್ರಾನಿಕ್ ಇಗ್ನಿಷನ್ನೂ ಇಂಧನವನ್ನು ಅಳೆದು ಕೊಡುವ ವ್ಯವಸ್ಥೆಯೂ ಬಂದು ಮಸಿ ಕಡಿಮೆಯಾಯಿತು. ಪ್ಲಗ್ಗಿನ ತುದಿಗೆ ಪ್ಲಾಟಿನಂ, ಆಮೇಲೆ ಇರಿಡಿಯಂ ಬಂದವು. ಈ ಲೋಹಗಳು ಸುಲಭಕ್ಕೆ ಸವೆಯುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ 'ನಾರ್ತ್‌ಸ್ಟಾರ್' ಎಂಜಿನ್‌ಗೆ 1 ಲಕ್ಷ ಮೈಲಿ, ಅಂದರೆ 1.6 ಲಕ್ಷ ಕಿಲೋಮೀಟರ್ ಓಡುವವರೆಗೆ ಟ್ಯೂನಿಂಗ್ ಬೇಡ ಎಂದು ಜಾಹೀರಾತು ನೀಡಿತು. ಬೇರೆಯವರೂ ಅದೇ ದಾರಿ ಹಿಡಿದರು.

ಗ್ರಾಹಕನಿಗೆ ಇದು ವರವೇ ಸರಿ. ಆದರೆ ವರದ ಜೊತೆಗೆ ಒಂದು ಷರತ್ತೂ ಬಂತು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಕದಲುತ್ತಿದ್ದ ತಿರುಪು ಈಗ ಏಳೆಂಟು ವರ್ಷ, ಕೆಲವೊಮ್ಮೆ ಹತ್ತು ವರ್ಷ ಒಂದೇ ಜಾಗದಲ್ಲಿ ಕೂರತೊಡಗಿತು. ಮೇಲೆ ಹೇಳಿದ ಮೂರು ಜಗಳಗಳಿಗೂ ಬೇಕಾದಷ್ಟು ಕಾಲಾವಕಾಶ ಸಿಕ್ಕಿತು. ಜೊತೆಗೆ, ಒಂದು ಸಿಲಿಂಡರಿಗೆ ನಾಲ್ಕು ವಾಲ್ವುಗಳಾದಾಗ ಪ್ಲಗ್ ಪಕ್ಕದಿಂದ ನಡುಮಧ್ಯಕ್ಕೆ, ಆಳವಾದ ಬಾವಿಯಂತಹ ಗುಂಡಿಯೊಳಕ್ಕೆ ಸರಿಯಿತು. ಅದರ ಮೇಲೆ ಕಾಯಿಲ್, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಬಾನೆಟ್ ತೆರೆದರೂ ಪ್ಲಗ್ ಕಾಣಿಸದು. ಹೊಸ ಪೀಳಿಗೆಯ ಎಷ್ಟೋ ಕಾರು ಮಾಲೀಕರು ತಮ್ಮ ಕಾರಿನ ಪ್ಲಗ್ಗನ್ನು ಕಣ್ಣಾರೆ ಕಂಡೇ ಇಲ್ಲ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಫೋರ್ಡ್ ಕಂಪನಿಯ 'ಟ್ರೈಟನ್' ಎಂಜಿನ್. 2004ರಿಂದ 2008ರವರೆಗಿನ ಎಫ್-150 ಪಿಕಪ್ ಮುಂತಾದ ವಾಹನಗಳಲ್ಲಿ ಬಂದ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವುಗಳ ಎಂಜಿನ್ ಅದು. ಅದರ ಪ್ಲಗ್ಗಿನ ಕೆಳಭಾಗ ಉದ್ದವಾದ ತೆಳು ಕೊಳವೆಯಂತಿದ್ದು, ಮೇಲಿನ ಭಾಗಕ್ಕೆ ಹಿಸುಕಿ ಜೋಡಿಸಲಾಗಿತ್ತು. ಕೊಳವೆಯ ಸುತ್ತಲಿನ ಕಿರಿದಾದ ಸಂದಿಯಲ್ಲಿ ಕಾರ್ಬನ್ ತುಂಬಿ ಗಟ್ಟಿಯಾದಾಗ, ಮೆಕ್ಯಾನಿಕ್ ಸ್ಪ್ಯಾನರ್ ತಿರುಗಿಸಿದರೆ ಮೇಲಿನ ಅರ್ಧ ಕೈಗೆ ಬಂದು ಕೆಳಗಿನ ಅರ್ಧ ಎಂಜಿನ್ನಿನಲ್ಲೇ ಉಳಿಯುತ್ತಿತ್ತು! ಎಂಟು ಸಿಲಿಂಡರಿನ ಎಂಜಿನ್; ಎಂಟು ಸಲ ಎದೆ ಹೊಡೆದುಕೊಳ್ಳಬೇಕು. ಮುರಿದ ತುಂಡು ಬಾರದೆ ಹೋದರೆ ಹೆಡ್ಡನ್ನೇ ಇಳಿಸಬೇಕು. ಕೆಲವೇ ಡಾಲರಿನ ಪ್ಲಗ್ಗಿಗಾಗಿ ದೊಡ್ಡ ಮೊತ್ತದ ಬಿಲ್.

ಕೊನೆಗೆ ಕಂಪನಿಯೇ ತನ್ನ ಮೆಕ್ಯಾನಿಕ್‌ಗಳಿಗೆ ವಿವರವಾದ ಸೂಚನೆ ಕಳಿಸಿತು. ಎಂಜಿನ್ ಆರಿರಬೇಕು, ಪ್ಲಗ್ಗನ್ನು ಒಂದು ಸುತ್ತಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ತಿರುಗಿಸಬಾರದು, ಕಾರ್ಬನ್ ಕರಗಿಸುವ ದ್ರವ ಬಿಟ್ಟು ಕಾಯಬೇಕು, ಆಮೇಲೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಆಡಿಸುತ್ತ ಬಿಚ್ಚಬೇಕು ಎಂಬುದು ಅದರ ಸಾರ. ತುಂಡು ಹೊರತೆಗೆಯಲೆಂದೇ ವಿಶೇಷ ಉಪಕರಣಗಳು, ಒಂದೇ ತುಂಡಿನಲ್ಲಿ ಮಾಡಿದ ಬದಲಿ ಪ್ಲಗ್ಗುಗಳು ಪೇಟೆಗೆ ಬಂದವು. ಅಷ್ಟು ದೊಡ್ಡ ಕಂಪನಿಯ ಎಂಜಿನಿಯರುಗಳು ಕೊಟ್ಟ ಪರಿಹಾರ ವಿಲ್ಸನ್ ಗಾರ್ಡನ್ನಿನ ಮೆಕ್ಯಾನಿಕ್ ಮಾಡಿದ್ದಕ್ಕಿಂತ ಬಹಳ ಬೇರೆಯೇನಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಬಿಡಿಸುವ ಬಗೆ

ಕಚ್ಚಿಕೊಂಡ ಪ್ಲಗ್ಗನ್ನು ಬಿಡಿಸುವ ಕ್ರಮದಲ್ಲಿ ಒಂದೊಂದು ಹೆಜ್ಜೆಗೂ ಕಾರಣವಿದೆ. ಮೊದಲು ಗುಂಡಿಯ ದೂಳು, ಮರಳನ್ನು ಗಾಳಿ ಹೊಡೆದು ತೆಗೆಯಬೇಕು. ಇಲ್ಲವಾದರೆ ಪ್ಲಗ್ ಬಂದ ತಕ್ಷಣ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಓಡಿ ಬಂದ ಎಂಜಿನ್‌ಗೆ ಆ ಕೂಡಲೇ ಕೈ ಹಾಕಬಾರದು. ಬಿಸಿಯಲ್ಲಿ ತೂತು ಹಿಗ್ಗಿರುತ್ತದಲ್ಲ, ಆಗಲೇ ಸುಲಭವಲ್ಲವೇ ಎಂದು ಕೇಳಬಹುದು. ಲೆಕ್ಕದ ಪ್ರಕಾರ ಅದು ನಿಜ. ಆದರೆ ಬಿಸಿಯಾದ ಅಲ್ಯೂಮಿನಿಯಂ ಇನ್ನಷ್ಟು ಮೆತ್ತಗಾಗಿ, ಎಳೆಗಳು ಪ್ಲಗ್ಗಿನೊಡನೆಯೇ ಕಿತ್ತು ಬರುವ ಅಪಾಯ ಹೆಚ್ಚು. ಅದಕ್ಕೇ ಆರಿದ ಎಂಜಿನ್ನಿನಿಂದ ಆರಂಭಿಸಿ, ಏನು ಮಾಡಿದರೂ ಬಾರದಿದ್ದಾಗ ಮಾತ್ರ ಎಂಜಿನ್ನನ್ನು ಉಗುರುಬೆಚ್ಚಗೆ ಮಾಡಿ ನೋಡುತ್ತಾರೆ.

ಎಣ್ಣೆಗೂ ಒಂದು ಗುಟ್ಟಿದೆ. ಪ್ಲಗ್ ಬಿಗಿಯಾಗಿ ಕುಳಿತಿರುವಾಗ ಅದರ ವಾಷರ್ ದಾಟಿ ಎಣ್ಣೆ ಕೆಳಗಿಳಿಯುವುದು ಬಲು ನಿಧಾನ. ಒಂದಿಷ್ಟೇ ಕದಲಿದರೆ ದಾರಿ ತೆರೆಯುತ್ತದೆ. ಆಗ ತುಕ್ಕು ಬಿಡಿಸುವ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಿಟ್ಟು ಕಾದರೆ ಅದು ಎಳೆಎಳೆಯೊಳಗೂ ಇಳಿಯುತ್ತದೆ. ಮತ್ತೆ ಕಾಲು ಸುತ್ತು ಸಡಿಲಿಸಬೇಕು, ಬಿಗಿ ಅನ್ನಿಸಿದ ಕೂಡಲೇ ಹಿಂದಕ್ಕೆ ಬಿಗಿಯಬೇಕು, ಮತ್ತೆ ಸಡಿಲಿಸಬೇಕು. ಹೀಗೆ ಆಡಿಸಿದಾಗ ಸಂದಿಯ ಪುಡಿ ಚೂರುಚೂರಾಗಿ ಎಣ್ಣೆಯೊಡನೆ ಸರಿಯುತ್ತದೆ. ಒಂದೇ ದಿಕ್ಕಿಗೆ ಜಗ್ಗಿದರೆ ಅದೇ ಪುಡಿ ಉಂಡೆಗಟ್ಟಿ ಎಳೆಗಳನ್ನು ಹರಿಯುತ್ತದೆ. ಸ್ಪ್ಯಾನರ್ ನೇರವಾಗಿ ಕೂತಿರಬೇಕು, ಓರೆಯಾದರೆ ಪಿಂಗಾಣಿ ಮುರಿಯುತ್ತದೆ.

ಇಷ್ಟಾದರೂ ಎಳೆ ಕಿತ್ತುಬಂದರೆ? ಆಗ ಲೇತ್ ಅಂಗಡಿಯ ಕೆಲಸ. ತೂತನ್ನು ಸ್ವಲ್ಪ ಹಿರಿದು ಮಾಡಿ, ಹೊಸ ತಿರುಪು ಕೊರೆದು, ಉಕ್ಕಿನ ಸುರುಳಿ ಅಥವಾ ಬುಷ್ ಕೂರಿಸುತ್ತಾರೆ. ವಿಮಾನದವರು ಮೊದಲೇ ಮಾಡಿಟ್ಟುಕೊಂಡಿದ್ದ ಉಪಾಯವನ್ನೇ ನಾವು ಪೆಟ್ಟು ತಿಂದ ಮೇಲೆ ಮಾಡಿಸುತ್ತೇವೆ.

ಹೊಸ ಪ್ಲಗ್ ಹಾಕುವಾಗಿನ ಎಚ್ಚರವೂ ಮುಖ್ಯ. ಮೊದಲ ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಬೇಕು. ಓರೆಯಾಗಿ ಹತ್ತಿದರೆ ಬೆರಳಿಗೆ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯದು. ವಾಷರ್ ಇರುವ ಹೊಸ ಪ್ಲಗ್ ಕೈಬಿಗಿಯಾದ ಮೇಲೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲಿಗಿಂತ ಕಡಿಮೆ ಸುತ್ತು ಸಾಕು. ಎಳೆಗಳಿಗೆ ಗ್ರೀಸಿನಂತಹ ಲೇಪ ಹಚ್ಚುವುದು ಹಳೆಯ ರೂಢಿ. ಈಗಿನ ಹಲವು ಪ್ಲಗ್ಗುಗಳ ಕವಚಕ್ಕೆ ಕಾರ್ಖಾನೆಯಲ್ಲೇ ಲೋಹದ ಲೇಪವಿರುತ್ತದೆ. ಅದರ ಮೇಲೆ ಗ್ರೀಸೂ ಸೇರಿದರೆ ಜಾರಿಕೆ ಹೆಚ್ಚಿ, ಗೊತ್ತಿಲ್ಲದೆ ಅತಿಯಾಗಿ ಬಿಗಿದುಬಿಡುವ ಸಂಭವವಿದೆ ಎಂದು ಜಪಾನಿನ ಎನ್‌ಜಿಕೆಯಂತಹ ತಯಾರಕರು ಎಚ್ಚರಿಸುತ್ತಾರೆ.

ವಿದ್ಯುತ್ ಕಾರುಗಳಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅವು ರಸ್ತೆ ತುಂಬಿದ ದಿನ ಈ ಪುರಾಣವೆಲ್ಲ ವಸ್ತುಸಂಗ್ರಹಾಲಯ ಸೇರಬಹುದು. ಅಲ್ಲಿಯವರೆಗೆ ಕೋಟ್ಯಂತರ ಕಾರು, ಸ್ಕೂಟರು, ಬೈಕುಗಳ ಎಂಜಿನ್ನಿನೊಳಗೆ ಉಕ್ಕು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ. ಒಂದು ವಸ್ತುವನ್ನು ಕೆಡದಂತೆ ಮಾಡಿದಷ್ಟೂ ಅದನ್ನು ಮುಟ್ಟಿನೋಡುವ ಕೈಗಳು ಕಡಿಮೆಯಾಗುತ್ತವೆ. ಮುಟ್ಟದೆ ಬಿಟ್ಟ ವಸ್ತು ಬೇಕಾದಾಗ ಕದಲುವುದಿಲ್ಲ. ಬಿಚ್ಚುವುದನ್ನು ಬಲ್ಲ ಕೈಗಳೂ ಆ ಹೊತ್ತಿಗೆ ವಿರಳವಾಗಿರುತ್ತವೆ.

ಮರುದಿನ ಬೆಳಿಗ್ಗೆ ಅದೇ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಕೆಲಸ ಶುರುಮಾಡಿದ್ದರು. ಸ್ಪ್ಯಾನರನ್ನು ಒಂದಿಷ್ಟು ಸಡಿಲಿಸುವುದು, ಮತ್ತೆ ಬಿಗಿಯುವುದು, ಎರಡು ಹನಿ ಎಣ್ಣೆ. ಅರ್ಧ ಗಂಟೆ ಹೀಗೇ ನಡೆಯಿತು. ಕೀರಲು ಸದ್ದು ನಿಂತು ತಿರುಪು ಸರಾಗವಾದಾಗ ಅವರು ಸ್ಪ್ಯಾನರ್ ಕೆಳಗಿಟ್ಟು ಉಳಿದದ್ದನ್ನು ಕೈಯಲ್ಲೇ ತಿರುಗಿಸಿ ಪ್ಲಗ್ ಹೊರತೆಗೆದರು. ಎಳೆಗಳ ಸಂದಿಯಲ್ಲಿ ಬಿಳಿಯ ಪುಡಿ ತುಂಬಿತ್ತು. ಹೆಡ್ಡಿನ ಎಳೆಗಳು ಸರಿಯಾಗಿದ್ದವು.

ಕಾರಿನವರ ಮುಖದಲ್ಲಿ ಈಗ ನಿರಾಳ. "ಇನ್ನು ಎಷ್ಟು ವರ್ಷ ಇದರ ಗೋಜಿಗೆ ಹೋಗಬೇಕಿಲ್ಲ?" ಎಂದು ಕೇಳಿದರು.

"ಹೊಸ ಪ್ಲಗ್ ಬಹಳ ದಿನ ಬರುತ್ತೆ ಸಾರ್, ಬದಲಾಯಿಸೋದು ಬೇಡ" ಎಂದರು ಮೆಕ್ಯಾನಿಕ್. "ಆದರೆ ವರ್ಷಕ್ಕೊಂದು ಸಲ ಬಿಚ್ಚಿ, ನೋಡಿ, ಹಾಕಿಸಿ."